ಪುಟ್ಟರಾಜು ಬರೆದ ಮೂಗು

ನಮ್ಮ ಮನೆಗೆ ಬರುವವರು ಮೊದಲು ಚಪ್ಪಲಿ ಬಿಡುತ್ತಾರೆ, ಆಮೇಲೆ ನನ್ನ ಹೊಟ್ಟೆ ಉರಿಸುತ್ತಾರೆ. ಬೇಕೆಂದು ಯಾರೂ ಉರಿಸುವುದಿಲ್ಲ, ಪಾಪ. ಒಳಗೆ ಬಂದು ಚಾಪೆಯ ಮೇಲೆ ಕೂರುತ್ತಾರೆ, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಾರೆ, ಕತ್ತೆತ್ತಿದರೆ ಎದುರಿಗೇ ದೇವರ ಗೂಡು. ಗೂಡಿನ ಮೇಲೆ ಕಟ್ಟು ಹಾಕಿಸಿದ ಒಂದು ಲಕ್ಷ್ಮಿಯ ಚಿತ್ರ. ಪೇಟೆಯಲ್ಲಿ ಸಿಗುವ ಬಣ್ಣದ ಅಚ್ಚಿನ ಚಿತ್ರವಲ್ಲ. ಕೈಯಲ್ಲಿ, ಬರೀ ಕಪ್ಪು ಮಸಿಯಲ್ಲಿ ಬರೆದದ್ದು. ಅದನ್ನು ನೋಡಿದವರು ಲೋಟ ಕೆಳಗಿಡುವುದನ್ನೂ ಮರೆತು, "ಎಂಥಾ ಕೈ ಮಾರಾಯ್ರೇ ನಿಮ್ಮದು ರಂಗಪ್ಪನೋರೇ!" ಅನ್ನುತ್ತಾರೆ.

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ನನ್ನ ಹೆಂಡತಿ ಗೌರಮ್ಮನ ದನಿ ಬರುತ್ತದೆ. "ಅವರು ಬರೆದದ್ದಲ್ಲ, ಪುಟ್ಟರಾಜು ಅವರು ಬರೆದದ್ದು."

ಮಾತು ನಿಜವೇ. ಆದರೆ ಅಷ್ಟು ಬೇಗ ಹೇಳಬೇಕೇ? ಬಂದವರ ಮೆಚ್ಚುಗೆ ಒಂದು ಗಳಿಗೆ ನನ್ನ ತಲೆಯ ಮೇಲೆ ನಿಂತಿದ್ದರೆ ಇವಳ ಗಂಟೇನು ಹೋಗುತ್ತಿತ್ತು? ಬಂದವರು "ಹೌದಾ?" ಎಂದು ನನ್ನ ಕಡೆ ತಿರುಗಿ, ಏನು ಹೇಳಬೇಕೋ ತಿಳಿಯದೆ, "ನೀವೂ ಬರೀತೀರಲ್ವಾ?" ಅಂತ ಕೇಳುತ್ತಾರೆ. ಈ 'ನೀವೂ' ಎಂಬುದರ ಬಿಸಿ ಅನುಭವಿಸಿದವನಿಗೇ ಗೊತ್ತು.

ನಾನು ಬರೆಯುತ್ತೇನೆ, ಸ್ವಾಮಿ. ಅದೇ ನನ್ನ ಅನ್ನ. ಹಳೇ ಗುಡಿ, ಹಳೇ ವಿಗ್ರಹ, ಶಾಸನದ ಕಲ್ಲುಗಳನ್ನು ಹುಡುಕಿ ವರದಿ ಮಾಡುವ ಸರ್ಕಾರಿ ಇಲಾಖೆಯಲ್ಲಿ ಚಿತ್ರ ಬರೆಯುವ ಕೆಲಸ ನನ್ನದು. ವರ್ಷ ವರ್ಷ ಇಲಾಖೆಯಿಂದ ಹೊರಡುವ ದಪ್ಪ ಪುಸ್ತಕದಲ್ಲಿ ನನ್ನ ಚಿತ್ರಗಳು ಅಚ್ಚಾಗಿವೆ. ದೊಡ್ಡ ದೊಡ್ಡ ಪಂಡಿತರು ಕನ್ನಡಕ ಸರಿಮಾಡಿಕೊಂಡು ನೋಡಿದ್ದಾರೆ. ಇಂಥ ನನ್ನ ಮನೆಯ ಗೋಡೆಯ ಮೇಲೆ ನಾನು ಬರೆದ ಒಂದು ಗೆರೆಯಿಲ್ಲ. ನನಗಿದ್ದ ಆಸೆ ದೊಡ್ಡದೇನಲ್ಲ. ನಾನು ಬರೆದ ಒಂದೇ ಒಂದು ಚಿತ್ರವನ್ನು ಗೌರಮ್ಮ ತಾನಾಗಿ ಕೇಳಿ ತೆಗೆದುಕೊಂಡು ಗೋಡೆಗೆ ಹಾಕಬೇಕು. ಅಷ್ಟೇ. ಅಷ್ಟಕ್ಕಾಗಿ ನಾನು ಪಟ್ಟ ಪಾಡನ್ನು ಯಾರಿಗಾದರೂ ಹೇಳಿಕೊಳ್ಳಬೇಕಲ್ಲ, ನಿಮಗೆ ಹೇಳುತ್ತಿದ್ದೇನೆ.

ಹೊಟ್ಟೆಕಿಚ್ಚು ನನಗೆ ನೌಕರಿಯಿಂದ ಅಂಟಿಕೊಂಡದ್ದಲ್ಲ. ಹುಟ್ಟುವಾಗಲೇ ಜೊತೆಗೆ ಬಂದಿರಬೇಕು. ಶಿವಮೊಗ್ಗದ ಪಕ್ಕದ ನವುಲೆಯಲ್ಲಿ ನಮ್ಮದು ಬೇಸಾಯದ ಮನೆ. ಒಲೆಯಿಂದ ಇದ್ದಿಲು ಕದ್ದು ಕೊಟ್ಟಿಗೆಯ ಸುಣ್ಣದ ಗೋಡೆಯ ಮೇಲೆ ಎತ್ತು ಬರೆಯುತ್ತಿದ್ದೆ. ಅಪ್ಪ ಬಂದು ನೋಡಿ, "ಈ ಎತ್ತು ಗದ್ದೆ ಉಳತ್ತೇನೋ?" ಅಂತ ಕಿವಿ ಹಿಂಡುತ್ತಿದ್ದರು. ಅದರಿಂದ ನನಗೆ ಬೇಜಾರಾಗಲಿಲ್ಲ. ಪಕ್ಕದ ಮನೆಯವನು ಅವರ ಗೋಡೆಯ ಮೇಲೆ ಬರೆದ ಎತ್ತಿಗೆ ನನ್ನದಕ್ಕಿಂತ ಒಳ್ಳೆಯ ಕೊಂಬು ಬಂದದ್ದು ನೋಡಿ ಬೇಜಾರಾಯಿತು. ಅವನ ಎತ್ತಿನ ಮೇಲೆ ಸಗಣಿ ಬಿದ್ದದ್ದು ಯಾರಿಂದ ಅಂತ ಇವತ್ತಿಗೂ ನನ್ನನ್ನು ಕೇಳಬೇಡಿ.

ಪೇಟೆಯ ಶಾಲೆಗೆ ಸೇರಿದ ಮೇಲೆ ಡ್ರಾಯಿಂಗ್ ಮೇಷ್ಟ್ರು ಒಂದು ದಿನ ಮೇಜಿನ ಮೇಲೆ ಹಿತ್ತಾಳೆ ಚೊಂಬಿಟ್ಟು ಬರೆಯಿರಿ ಅಂದರು. ನನ್ನ ಚೊಂಬು ಎತ್ತಿ ಹಾಕಿದ ಕುಂಬಳಕಾಯಿಯ ಹಾಗೆ ಬಂತು. ಪಕ್ಕದಲ್ಲಿದ್ದ ಸೆಟ್ಟರ ಹುಡುಗ ಬರೆದದ್ದೋ, ಬಗ್ಗಿಸಿದರೆ ನೀರು ಬೀಳುವ ಹಾಗಿತ್ತು. ಮೇಷ್ಟ್ರು ಅದನ್ನು ಎತ್ತಿ ಹಿಡಿದು ಇಡೀ ತರಗತಿಗೆ ತೋರಿಸಿದರು. ಅವತ್ತಿನಿಂದ ಎಷ್ಟೋ ದಿನ ನಾನು ಮನೆಯಲ್ಲಿ ಚೊಂಬಿನಿಂದ ನೀರು ಕುಡಿಯಲಿಲ್ಲ. ಅವ್ವ, "ಇದ್ಯಾವ ವ್ರತಾನೋ ನಿಂದು?" ಅಂತ ಕೇಳಿ ಕೇಳಿ ಸಾಕಾದಳು. ಆ ಹುಡುಗ ಈಗ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದಾನೆ. ಪೆನ್ಸಿಲು ಮುಟ್ಟಿ ಯಾವ ಕಾಲವಾಯಿತೋ. ಆದರೂ ಅವನ ಅಂಗಡಿಯಲ್ಲಿ ನಾನು ಒಂದು ಟವಲೂ ಕೊಳ್ಳುವುದಿಲ್ಲ.

ಇಲಾಖೆಗೆ ಸೇರಿದಾಗ, ಇನ್ನು ಮೇಲೆ ಈ ಉರಿ ಕಡಿಮೆಯಾಗಬಹುದು ಅಂದುಕೊಂಡೆ. ಯಾಕೆಂದರೆ ನಮ್ಮ ಕೆಲಸದಲ್ಲಿ ಚೆನ್ನಾಗಿ ಬರೆಯುವುದಕ್ಕಿಂತ ಸರಿಯಾಗಿ ಬರೆಯುವುದು ಮುಖ್ಯ. ಮುಳ್ಳುಕಂಟಿ ಸವರಿ, ಜೇನಿದ್ದರೆ ಹೊಗೆ ಹಾಕಿ, ಟೇಪು ಹಿಡಿದು ಅಳೆದು, ಕಲ್ಲಿನ ಎದುರು ಬಿಸಿಲಲ್ಲಿ ಕೂತು ಇದ್ದದ್ದು ಇದ್ದ ಹಾಗೆ ಪೆನ್ಸಿಲಿನಲ್ಲಿ ಇಳಿಸಬೇಕು. ಆಮೇಲೆ ಅದರ ಮೇಲೆ ಮಸಿ ಎಳೆಯಬೇಕು. ನಮ್ಮ ಸಾಹೇಬರು ಮೊದಲ ದಿನವೇ ಕೂರಿಸಿಕೊಂಡು ಹೇಳಿದ್ದರು. ಗಿಡುಗನ ಕೊಕ್ಕಿನಂಥ ಮೂಗಿನ ಮನುಷ್ಯ, ಮಾತು ಕಡಿಮೆ.

"ನೋಡು ರಂಗಪ್ಪ, ಕಲ್ಲಲ್ಲಿ ಇದ್ದದ್ದನ್ನ ಗೆರೆಯಲ್ಲಿ ಬರಿ. ಮುರಿದಿದ್ರೆ ಮುರಿದ ಹಾಗೇ ಬರಿ. ಹೀಗೇ ಇತ್ತು ಅಂತ ಖಂಡಿತ ಗೊತ್ತಿದ್ರೆ ಮಾತ್ರ ಅಲ್ಲಿ ಚುಕ್ಕೆ ಚುಕ್ಕೆ ಇಡು. ನಿನ್ನ ಮನಸ್ಸಿಗೆ ತೋಚಿದ್ದು ಬರೆಯೋಕೆ ಸರ್ಕಾರ ಸಂಬಳ ಕೊಡಲ್ಲ."

ಈ ಮಾತನ್ನು ನಾನು ಗಂಟು ಹಾಕಿಕೊಂಡೆ. ಕೈಯಿಲ್ಲದ ವಿಷ್ಣು, ಸೊಂಡಿಲಿಲ್ಲದ ಗಣಪತಿ, ಕೊರಳ ಮೇಲೆ ಏನೂ ಇಲ್ಲದ ದ್ವಾರಪಾಲಕ, ಎಲ್ಲರನ್ನೂ ಇದ್ದ ಹಾಗೆ ಬರೆದೆ. ಸಾಹೇಬರು ನೋಡಿ "ಹೂಂ" ಅನ್ನುತ್ತಿದ್ದರು. ಅವರ 'ಹೂಂ' ಬೇರೆಯವರ ಹೊಗಳಿಕೆಗೆ ಸಮ.

ಮದುವೆಯಾದ ಹೊಸತು. ಕೋಟೆ ಬೀದಿಯಲ್ಲಿ ಬಾಡಿಗೆ ಮನೆ ಮಾಡಿದ್ದೆ. ಒಂದು ಭಾನುವಾರ ಹಜಾರದಲ್ಲಿ ಹಲಗೆ ಹಾಕಿಕೊಂಡು ಒಂದು ವೇಣುಗೋಪಾಲನ ಚಿತ್ರಕ್ಕೆ ಮಸಿ ಎಳೆಯುತ್ತ ಕೂತಿದ್ದೆ. ಹೆಂಡತಿ ನೋಡಲಿ, ಗಂಡನ ಕೈ ಎಂಥದು ಅಂತ ತಿಳಿಯಲಿ ಅಂತಲೇ ಹಜಾರದಲ್ಲಿ ಕೂತದ್ದು, ಇಲ್ಲದಿದ್ದರೆ ಜಗಲಿಯ ಬೆಳಕೇ ಚೆನ್ನಾಗಿತ್ತು. ಗೌರಮ್ಮ ಕಸ ಗುಡಿಸುತ್ತ ಬಂದವಳು ನಿಂತು ನೋಡಿದಳು.

"ಕೊಳಲೆಲ್ಲಿ?" ಅಂದಳು.

"ಮುರಿದು ಹೋಗಿದೆ."

"ಕೈ?"

"ಅದೂನೂ."

ಪೊರಕೆ ಕೆಳಗಿಟ್ಟು ಕೆನ್ನೆ ಕೆನ್ನೆ ಬಡಿದುಕೊಂಡಳು. "ಅಯ್ಯೋ ರಾಮ! ಮುಕ್ಕಾದ ದೇವರನ್ನ ಮನೆ ಒಳಗೆ ತರ್ತಾರೇನ್ರೀ? ಭಿನ್ನವಾದ ವಿಗ್ರಹಾನ ಗುಡಿಯಲ್ಲೇ ಇಟ್ಕೊಳ್ಳಲ್ಲ, ಹೊಳೆಗೆ ಬಿಡ್ತಾರೆ. ನೀವು ಹುಡುಕ್ಕೊಂಡು ಹೋಗಿ ಬರ್ಕೊಂಡು ಬಂದಿದೀರಲ್ಲ!"

"ಲೇ, ಇದು ವಿಗ್ರಹ ಅಲ್ಲ ಕಣೇ, ಕಾಗದ."

"ಕಾಗದದ ಮೇಲೆ ಇರೋದು ಯಾರು? ದೇವರು ತಾನೇ?"

ಅವತ್ತಿನಿಂದ ನನ್ನ ಹಲಗೆ, ಮಸಿಕುಡಿಕೆ, ಚಿತ್ರದ ಸುರುಳಿ ಎಲ್ಲಾ ಜಗಲಿಗೆ ಬಂದವು. ಚಪ್ಪಲಿಯ ಪಕ್ಕ ಒಂದು ಗೂಟಕ್ಕೆ ನನ್ನ ಚೀಲ. ಮಳೆ ಬಂದರೆ ಅದನ್ನು ತಬ್ಬಿಕೊಂಡು ಹೊಸ್ತಿಲ ಹೊರಗೆ ನಿಲ್ಲುತ್ತಿದ್ದೆ. ಎದುರು ಮನೆಯವರು ಇವರಿಬ್ಬರಿಗೂ ದಿನಾ ಜಗಳ, ಗಂಡನನ್ನು ಹೊರಗೆ ಹಾಕಿದ್ದಾಳೆ ಅಂತ ಮಾತಾಡಿಕೊಂಡರಂತೆ. ಜಗಳವಿರಲಿಲ್ಲ. ಗೌರಮ್ಮ ಜಗಲಿಗೇ ಬಂದು ಕಾಫಿ ಕೊಡುತ್ತಿದ್ದಳು, ಆದರೆ ಹಲಗೆಯ ಕಡೆ ಮಾತ್ರ ಕಣ್ಣು ಹಾಯಿಸುತ್ತಿರಲಿಲ್ಲ. ಎಷ್ಟು ಸರಿಯಾಗಿ ಬರೆದರೆ ಅಷ್ಟು ಮನೆಯಿಂದ ಹೊರಗೆ ಎಂಬ ಕೆಲಸ ನನ್ನದಾಯಿತು.

ಹೀಗಿರುವಾಗ ಪುಟ್ಟರಾಜು ಬಂದ.

ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯಾಗಿ, ಹೊಳೆಯ ಆಚೆ ಹೊಸ ಊರು ಬೆಳೆಯುತ್ತಿದ್ದ ಕಾಲ. ನೌಕರರ ಮನೆಗೆ ಪಾಯ ಅಗೆಯುವಾಗ ಒಂದು ಕಡೆ ಹಳೇ ಗುಡಿಯ ಅಡಿಗಟ್ಟು, ಕಂಬದ ತುಂಡುಗಳು, ಜೊತೆಗೆ ಒಂದು ಲಕ್ಷ್ಮಿಯ ವಿಗ್ರಹ ಸಿಕ್ಕಿತು. ನಮಗೆ ಸುದ್ದಿ ಬಂತು. ಬರೆದುಕೊಂಡು ಬರುವುದಕ್ಕೆ ಸಾಹೇಬರು ನನ್ನನ್ನೂ, ಮೈಸೂರಿನಿಂದ ಹೊಸದಾಗಿ ಬಂದಿದ್ದ ಪುಟ್ಟರಾಜುವನ್ನೂ ಕಳಿಸಿದರು. ನಾನು ಲಕ್ಷ್ಮಿಯನ್ನು ಬರೆಯಬೇಕು, ಅವನು ಅಡಿಗಟ್ಟು ಮತ್ತು ಕಂಬ. ಪುಟ್ಟರಾಜುವಿಗೆ ಗುಂಗುರು ಕೂದಲು, ಯಾವಾಗಲೂ ಬಾಯಲ್ಲಿ ಎಲೆಯಡಿಕೆ, ಅದರ ನಡುವೆಯೇ ಒಂದು ರಾಗ. ದ್ವೇಷ ಮಾಡುವುದಕ್ಕೆ ಒಂದು ಕಾರಣವೂ ಸಿಗದಂಥ ಒಳ್ಳೆಯ ಹುಡುಗ. ಅದೇ ನನಗೆ ಸಹಿಸಲಾಗದ್ದು.

ದಿನಾ ಬೆಳಗಿನ ರೈಲಿಗೆ ಶಿವಮೊಗ್ಗದಿಂದ ಹೊರಟು ಸಂಜೆ ರೈಲಿಗೆ ವಾಪಸ್ಸು. ಮಣ್ಣು ಅಗೆಯುವವರ ಮೇಸ್ತ್ರಿ ಪೆರುಮಾಳ್ ಅಂತ ಒಬ್ಬ, ಸೇಲಂ ಕಡೆಯವನು. ಲಕ್ಷ್ಮಿ ಸಿಕ್ಕ ಕೂಡಲೇ ಹಾರೆ ನಿಲ್ಲಿಸಿ, ಕಣಗಿಲೆ ಹೂವಿಟ್ಟು, ಸುತ್ತ ಕಡ್ಡಿ ನೆಟ್ಟು ಕಾವಲು ಕೂತಿದ್ದ. "ಅಮ್ಮಾ ಮೇಲೆ ನೋಡ್ಕೊಂಡು ಮಲ್ಗಿದಾರೆ ಸಾಮಿ, ಯಾರೂ ತುಳೀಬಾರ್ದು" ಅಂದ. ನಿಜಕ್ಕೂ ಚೆಂದದ ವಿಗ್ರಹ. ಕಿರೀಟ, ಕಿವಿಯೋಲೆ, ಕೈಯ ತಾವರೆ, ಬೆರಳ ಉಗುರು, ಎಲ್ಲಾ ಇತ್ತು. ಮೂಗೊಂದು ಇರಲಿಲ್ಲ. ಯಾವ ಕಾಲದಲ್ಲಿ ಹೋಗಿತ್ತೋ, ಆ ಜಾಗ ಒರಟಾಗಿ ಕಲ್ಲಾಗಿ ಉಳಿದಿತ್ತು.

ನಾನು ಹಾಗೇ ಬರೆದೆ. ದಿನವೆಲ್ಲಾ ಕೂತು, ನೆರಳು ತಿರುಗಿದಾಗ ಕಾದು, ಒಡೆದ ಮೂಗಿನ ಒಂದೊಂದು ಚೂಪನ್ನೂ ಬಿಡದೆ ಇಳಿಸಿದೆ. ಪುಟ್ಟರಾಜು ತನ್ನ ಅಡಿಗಟ್ಟು, ಕಂಬ ಎಲ್ಲವನ್ನೂ ನಾನು ತೆಗೆದುಕೊಂಡ ಹೊತ್ತಿನ ಕಾಲು ಭಾಗದಲ್ಲಿ ಮುಗಿಸಿದ. ಸಾಹೇಬರು ನೋಡಿದರೆ ಒಂದು ಕೂದಲೆಳೆ ತಪ್ಪು ಸಿಗದ ಹಾಗೆ ಮುಗಿಸಿ, ನನ್ನ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತ. "ರಂಗಣ್ಣ, ಸುಮ್ನೆ ನನಗೂ ಅಂತ ಒಂದು ಬರ್ಕೊಳ್ತೀನಿ" ಅಂದ. ಬರೆದುಕೊಳ್ಳಪ್ಪ, ನಿನ್ನ ಕೈ, ನಿನ್ನ ಕಾಗದ.

ಅವನು ಗೆರೆ ಎಳೆಯುವುದನ್ನು ನೀವು ನೋಡಬೇಕಿತ್ತು. ನಾನು ಗೆರೆ ಎಳೆಯುವಾಗ ಉಸಿರು ಹಿಡಿಯುತ್ತೇನೆ, ನಾಲಿಗೆ ಕಚ್ಚುತ್ತೇನೆ, ಕಣ್ಣು ಕಿರಿದು ಮಾಡುತ್ತೇನೆ. ಅವನು ಹಾಡುತ್ತಲೇ ಎಳೆಯುತ್ತಿದ್ದ. ಭುಜದಿಂದ ಹೊರಟ ಗೆರೆ ಸೊಂಟಕ್ಕೆ ಬರುವವರೆಗೆ ಪೆನ್ಸಿಲು ಎತ್ತುತ್ತಿರಲಿಲ್ಲ. ಮಣ್ಣು ಹೊರುವ ಹೆಂಗಸರು ಬುಟ್ಟಿ ತಲೆಯ ಮೇಲಿಟ್ಟುಕೊಂಡೇ ಅವನ ಹಿಂದೆ ಬಂದು ನಿಂತರು. ನನ್ನ ಹಿಂದೆ ಒಂದು ಮೇಕೆ ನಿಂತಿತ್ತು. ಅದಕ್ಕೂ ನನ್ನ ಚೀಲದಲ್ಲಿದ್ದ ರೊಟ್ಟಿಯ ಮೇಲೆ ಕಣ್ಣು.

"ಈ ಸಾಮಿ ಬರೆದ್ರೆ ಅಮ್ಮಾ ಉಸಿರಾಡ್ತಾರೆ" ಅಂದ ಪೆರುಮಾಳ್. ನಾನು ತಲೆ ಎತ್ತಿದ್ದು ಕಂಡು ಅವನಿಗೆ ಪಾಪ ಅನ್ನಿಸಿರಬೇಕು. "ನಿಮ್ದು ಅಳತೆ ಭಾಳ ಕರೆಕ್ಟ್ ಸಾಮಿ" ಅಂತ ಸೇರಿಸಿದ.

ಅಳತೆ ಕರೆಕ್ಟ್! ಹೆಣ್ಣು ನೋಡಲು ಬಂದವರು, ಹುಡುಗಿಯ ಮನೆಯ ಮಾಡು ಸೋರುವುದಿಲ್ಲ ಅಂತ ಹೊಗಳಿ ಹೋದ ಹಾಗೆ.

ಹೋಟೆಲು ಊಟ ಪುಟ್ಟರಾಜುವಿನ ಹೊಟ್ಟೆಗೆ ಒಗ್ಗಲಿಲ್ಲ. ಸಾಹೇಬರು, "ಕ್ಯಾಂಪ್ ಮುಗಿಯೋವರೆಗೂ ನಿಮ್ಮ ಮನೇಲೇ ಊಟ ಮಾಡ್ಲಿ ರಂಗಪ್ಪ" ಅಂದರು. ಬೇಡ ಅನ್ನುವುದು ಹೇಗೆ? ಬಂದ. ಮೊದಲ ದಿನವೇ ಗೌರಮ್ಮನನ್ನು 'ಅತ್ತಿಗೆ' ಅಂದ. ಅಕ್ಕಿರೊಟ್ಟಿ ಹಾಕಿದರೆ "ಅತ್ತಿಗೆ, ಇದರ ಅಂಚು ನೋಡಿ, ಎಷ್ಟು ಗುಂಡಗಿದೆ! ಕೈವಾರ ಇಟ್ರೂ ಇಷ್ಟು ಬರಲ್ಲ" ಅಂದ. ಗೌರಮ್ಮ ನಕ್ಕಳು. ರೊಟ್ಟಿಗೆ ಅಂಚಿದೆ ಅನ್ನುವುದನ್ನೇ ನಾನು ಗಮನಿಸಿರಲಿಲ್ಲ. ನಾನು ಅದನ್ನು ಮುರಿದು ತಿನ್ನುವವನು. ಅವನು ಯಾವಾಗಲೂ ಅಡುಗೆಮನೆಯ ಬಾಗಿಲಿಗೆ ಎದುರಾಗಿ ಕೂರುತ್ತಿದ್ದ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದಂತೆ. ನಾನು ಗೋಡೆಗೆ ಬೆನ್ನು ಹಾಕಿ, ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದೆ. ಅವಳು ಬಡಿಸುತ್ತಿದ್ದಳು, ಅವನು ಹೊಗಳುತ್ತಿದ್ದ, ನನಗೆ ಸಾರು ಹೆಚ್ಚು ಖಾರ ಅನ್ನಿಸುತ್ತಿತ್ತು.

ಕ್ಯಾಂಪು ಮುಗಿದು ಅವನು ಮೈಸೂರಿಗೆ ಹೊರಟ ದಿನ ಒಂದು ಸುರುಳಿ ಹಿಡಿದುಕೊಂಡು ಬಂದ. "ಅತ್ತಿಗೆ, ಇಷ್ಟು ದಿನ ಅನ್ನ ಹಾಕಿದ್ರಿ. ನನ್ನ ಹತ್ರ ಕೊಡೋಕೆ ಇದೊಂದೇ ಇರೋದು. ಮುಕ್ಕಿಲ್ಲ, ನೋಡ್ಕೊಳ್ಳಿ" ಅಂದ. ಬಿಡಿಸಿದಳು. ಭದ್ರಾವತಿಯ ಅದೇ ಲಕ್ಷ್ಮಿ, ಮಸಿಯಲ್ಲಿ. ಕಿರೀಟ, ಓಲೆ, ತಾವರೆ, ಎಲ್ಲಾ ಅದೇ. ಆದರೆ ಮುಖದ ನಡುವೆ ಒಂದು ಪೂರ್ತಿ ಮೂಗು, ಅದಕ್ಕೊಂದು ಮೂಗುಬೊಟ್ಟು.

"ಇದು ಕಲ್ಲಲ್ಲಿ ಇಲ್ಲ!" ಅಂದೆ ನಾನು. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು.

"ಇದು ಇಲಾಖೆಗಲ್ಲ ರಂಗಣ್ಣ, ಅತ್ತಿಗೆಗೆ" ಅಂದ ಅವನು.

ಗೌರಮ್ಮ ಚಿತ್ರವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಅವನು ಹೋದ ಮೇಲೆ, "ಇದಕ್ಕೆ ಕಟ್ಟು ಹಾಕಿಸ್ಕೊಂಡು ಬನ್ನಿ" ಅಂದಳು. ಅಂದರೆ ನಾನೇ ಹೊತ್ತುಕೊಂಡು ಹೋಗಬೇಕು! ಕಟ್ಟು ಹಾಕುವ ಸಾಬಿ ಚಿತ್ರವನ್ನು ಬೆಳಕಿಗೆ ಹಿಡಿದು "ವಾಹ್ ವಾಹ್! ಕ್ಯಾ ಹಾತ್ ಹೈ ಸಾಬ್! ನಿಮ್ದೇನಾ?" ಅಂದ. ಕಟ್ಟಿಗೆ ಎಷ್ಟಾಗುತ್ತದೆ ಅಂತ ಕೇಳಿದೆ. ಗಾಜು ಹಾಕುವಾಗ ಒಡೆದರೆ ಚೆನ್ನಾಗಿತ್ತು ಅಂದುಕೊಂಡೆ. ಅವನು ಬಲು ನಾಜೂಕಿನ ಕೆಲಸಗಾರ, ಒಡೆಯಲಿಲ್ಲ.

ಹೀಗೆ ನಿಜ ಬರೆದ ನನ್ನ ಲಕ್ಷ್ಮಿ ಜಗಲಿಯಲ್ಲಿ, ಸುಳ್ಳು ಬರೆದ ಅವನ ಲಕ್ಷ್ಮಿ ದೇವರ ಗೂಡಿನ ಮೇಲೆ. ದಿನಾ ಬೆಳಿಗ್ಗೆ ಅದಕ್ಕೆ ಹೂವು, ಹಣೆಗೆ ಕುಂಕುಮ, ಹಬ್ಬದಲ್ಲಿ ಮಂಗಳಾರತಿ. ನಾನೂ ಎದುರು ನಿಂತು ಗಂಟೆ ಬಾರಿಸಬೇಕು. ಪುಟ್ಟರಾಜುವಿನ ಗೆರೆಗೆ ನಾನು ಅಡ್ಡ ಬಿದ್ದು ನಮಸ್ಕಾರ ಮಾಡಬೇಕು. ದೇವರಿಗೆ ಅಂತ ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ, ಮನಸ್ಸು ಕೇಳುತ್ತಿರಲಿಲ್ಲ.

ಆದರೆ ದೇವರು ನನಗೂ ಒಂದು ಸಮಾಧಾನ ಕೊಟ್ಟಿದ್ದ. ಚಿತ್ರವನ್ನು ಹತ್ತಿರದಿಂದ ನೋಡಿದಾಗ ಮೂಗಿನ ಮೇಲೆ, ಮೂಗುಬೊಟ್ಟಿಗಿಂತ ಸ್ವಲ್ಪ ಮೇಲೆ, ಒಂದು ಸಣ್ಣ ಕಪ್ಪು ಚುಕ್ಕೆ ಕಂಡಿತು. ಮಸಿ ಸಿಡಿದದ್ದು! ಪುಟ್ಟರಾಜುವಿನ ಕೈಯೂ ಜಾರಿದೆ! ಅವತ್ತು ನಾನು ಎರಡು ರೊಟ್ಟಿ ಹೆಚ್ಚು ತಿಂದೆ. ಅಲ್ಲಿಂದಾಚೆ ಯಾರು ಬಂದು ಆ ಚಿತ್ರವನ್ನು ಹೊಗಳಿದರೂ, "ಚೆನ್ನಾಗೇನೋ ಇದೆ. ಆದ್ರೆ ಇಲ್ಲಿ ನೋಡಿ, ಮೂಗಿನ ಮೇಲೆ ಮಸಿ ಬಿದ್ದಿದೆ. ಅವಸರದ ಕೈ" ಅಂತ ಬೆರಳಿಟ್ಟು ತೋರಿಸುತ್ತಿದ್ದೆ. ಹಾಗೆ ತೋರಿಸಿದಾಗಲೆಲ್ಲ ಗೌರಮ್ಮ ಎದ್ದು ಒಳಗೆ ಹೋಗುತ್ತಿದ್ದಳು. ಅವಳಿಗೆ ಪುಟ್ಟರಾಜುವಿನ ತಪ್ಪು ಎತ್ತಿ ಆಡುವುದು ಹಿಡಿಸುವುದಿಲ್ಲ ಅಂದುಕೊಂಡು ನಾನು ಇನ್ನೂ ಗಟ್ಟಿಯಾಗಿ ಆಡುತ್ತಿದ್ದೆ.

ಒಂದು ವರ್ಷ ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದಾಗ ನಾನೂ ಪಣ ತೊಟ್ಟೆ. ಅವನು ಸುಳ್ಳು ಮೂಗು ಬರೆಯಬಹುದಾದರೆ ನಾನು ಯಾಕೆ ಬರೆಯಬಾರದು? ಒಳ್ಳೆಯ ಕಾಗದ ತಂದು, ಭದ್ರಾವತಿಯ ಲಕ್ಷ್ಮಿಯನ್ನೇ ಮತ್ತೆ ಬರೆದೆ. ಎಲ್ಲಾ ಬಂತು. ಮೂಗಿನ ಹತ್ತಿರ ಕೈ ನಿಂತಿತು. ಕಣ್ಣ ಮುಂದೆ ಇಲ್ಲದ್ದನ್ನು ಗೆರೆಯಲ್ಲಿ ಎಳೆಯಲು ಈ ಕೈ ಒಪ್ಪುವುದೇ ಇಲ್ಲ! ಕೊನೆಗೆ ಅಭ್ಯಾಸ ಬಲದಿಂದ ಚುಕ್ಕೆ ಚುಕ್ಕೆ ಇಟ್ಟೆ.

ಗೌರಮ್ಮ ನೋಡಿ, "ಇದೇನ್ರೀ, ಅಮ್ಮನ ಮೂಗಿಗೆ ಇರುವೆ ಸಾಲು ಹತ್ತಿದೆ?" ಅಂದಳು.

ಚುಕ್ಕೆಗಳನ್ನು ಅಳಿಸಿದೆ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಒಂದು ಮೂಗು ಎಳೆದೇಬಿಟ್ಟೆ. ಈ ಸಲ ಅವಳು ಒಂದು ಗಳಿಗೆ ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು ನಗುವುದಕ್ಕೆ ಶುರು ಮಾಡಿದಳು. "ರೀ, ಇದು ನಿಮ್ಮ ಸಾಹೇಬ್ರ ಮೂಗು!"

ನೋಡುತ್ತೇನೆ, ಹೌದು. ಅದೇ ಗಿಡುಗನ ಕೊಕ್ಕು. ಸಾಹೇಬರು ಯಾವತ್ತೋ ಒಮ್ಮೆ ಮನೆಗೆ ಬಂದು ಕಾಫಿ ಕುಡಿದು ಹೋಗಿದ್ದರು, ಅಷ್ಟರಲ್ಲೇ ಇವಳು ಗುರುತು ಇಟ್ಟುಕೊಂಡಿದ್ದಳು. ಆ ಕಾಗದ ಹಂಡೆಯ ಒಲೆಗೆ ಹೋಯಿತು. ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಆ ನೀರಲ್ಲೇ ಸ್ನಾನ ಮಾಡಿ, ಪುಟ್ಟರಾಜುವಿನ ಲಕ್ಷ್ಮಿಗೆ ಗಂಟೆ ಬಾರಿಸಿದೆ.

ವರ್ಷಗಳು ಹೋದವು. ಪುಟ್ಟರಾಜು ಮೇಲಿನ ಹುದ್ದೆಗೆ ಏರಿ ಉತ್ತರದ ಕಡೆ ಎಲ್ಲೋ ಹೋದನಂತೆ. ಹೋಗಲಿ, ಏರಲಿ. ಭದ್ರಾವತಿಯಲ್ಲಿ ಈಗ ಕಾಗದವನ್ನೂ ಮಾಡುತ್ತಾರೆ. ಆದರೂ ಈ ಯುದ್ಧದ ದೆಸೆಯಿಂದ ನಮ್ಮ ಇಲಾಖೆಗೆ ಬಿಳಿ ಕಾಗದ ಸಿಗದೆ ಹಳೇ ನಕಾಶೆಗಳ ಬೆನ್ನ ಮೇಲೆ ಬರೆಯುತ್ತಿದ್ದೇವೆ. ನನಗೆ ಕನ್ನಡಕ ಬಂತು, ಗೌರಮ್ಮನ ಕೂದಲಲ್ಲಿ ಬಿಳಿ ಎಳೆ ಬಂತು. ಗೂಡಿನ ಮೇಲಿನ ಲಕ್ಷ್ಮಿ ಮಾತ್ರ ಹಾಗೇ ಇದ್ದಳು.

ಮೊನ್ನೆ ಗೌರಿ ಹಬ್ಬದ ಹಿಂದಿನ ದಿನದ ಮಾತು. ಗೌರಮ್ಮ ಮೂಗುಬೊಟ್ಟು ಬಿಚ್ಚಿ ಅಂಟುವಾಳದ ನೀರಲ್ಲಿ ತೊಳೆದು, ಅಂಗಳದ ಬಿಸಿಲಲ್ಲಿ ಕೂತು ಮತ್ತೆ ಹಾಕಿಕೊಳ್ಳಲು ಒದ್ದಾಡುತ್ತಿದ್ದಳು. "ರೀ, ಇಲ್ಲಿ ಬನ್ನಿ. ಈ ತಿರುಪು ಕೂರ್ತಾನೇ ಇಲ್ಲ. ನಿಮ್ದು ಸಣ್ಣ ಕೆಲಸದ ಕೈ ಅಲ್ವಾ" ಅಂದಳು. ಕನ್ನಡಕ ಹಾಕಿಕೊಂಡು ಅವಳ ಎದುರು ಕೂತೆ. ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದೆ. ಮೂಗಿನಲ್ಲಿ ಒಂದು ತೂತು. ಅದರ ಸ್ವಲ್ಪ ಮೇಲೆ ಮುಚ್ಚಿಹೋದ ಇನ್ನೊಂದು ಕಲೆ, ಸಾಸಿವೆಕಾಳಿನಷ್ಟು, ಕಪ್ಪಗೆ.

"ಇದೇನಿದು?"

"ಅದಾ? ಚಿಕ್ಕೋಳಿದ್ದಾಗ ಆಚಾರಿ ಮೊದಲು ಮೇಲೆ ಚುಚ್ಚಿಬಿಟ್ಟಿದ್ದ. ಅದು ಕೀವಾಗಿ ಮುಚ್ಕೊಳ್ತು, ಆಮೇಲೆ ಕೆಳಗೆ ಚುಚ್ಚಿದ್ರು."

ತಿರುಪನ್ನು ಅವಳ ಅಂಗೈಗೆ ಹಾಕಿ ಎದ್ದೆ. ಜಗಲಿಯ ಚೀಲದಿಂದ ಕೈವಾರ ತೆಗೆದುಕೊಂಡು ಹಜಾರಕ್ಕೆ ಹೋಗಿ, ಚಿತ್ರವನ್ನು ಗೋಡೆಯಿಂದ ಇಳಿಸಿ, ಗಾಜಿನ ಮೇಲಿನ ಕುಂಕುಮ ಒರೆಸಿದೆ. ಆ ಚುಕ್ಕೆ ಮಸಿಯಲ್ಲ. ಇಷ್ಟು ವರ್ಷ ಬಂದವರಿಗೆಲ್ಲ ಬೆರಳಿಟ್ಟು ತೋರಿಸಿದ ಆ ಚುಕ್ಕೆ ಗೌರಮ್ಮನ ಮೂಗಿನ ಮೇಲೆ ಕಲೆ ಇರುವ ಜಾಗದಲ್ಲೇ ಇದೆ. ಬೊಟ್ಟಿನಿಂದ ಅದರ ದೂರ, ಮೂಗಿನ ಏಣಿನ ಮೇಲಿನ ಸಣ್ಣ ಉಬ್ಬು, ತುದಿ ಒಂದು ಚೂರು ಕೆಳಗೆ ಇಳಿದದ್ದು, ಅಂಗಳದಲ್ಲಿ ನನ್ನ ಕಣ್ಣು ಅಳೆದದ್ದಕ್ಕೆ ಕೈವಾರ ಎಲ್ಲಿಟ್ಟರೂ ಕೂತಿತು. ಮೂಗು ಅವಳದ್ದೇ!

ಇಷ್ಟು ದಿನ ಅವನ ಗೆರೆಯ ಮೇಲೆ ಇದ್ದದ್ದು ಹೊಟ್ಟೆಕಿಚ್ಚೇ ಅಲ್ಲ, ಇದು ಹೊಟ್ಟೆಕಿಚ್ಚು. ಚಿತ್ರ ಹಿಡಿದುಕೊಂಡೇ ಅಂಗಳಕ್ಕೆ ಬಂದೆ.

"ಈ ಮೂಗು ಯಾರದ್ದು?"

ಗೌರಮ್ಮ ತಿರುಪಿನ ಜೊತೆ ಒದ್ದಾಡುತ್ತಿದ್ದವಳು ತಲೆ ಎತ್ತಿದಳು. ಚಿತ್ರ ನೋಡಿದಳು, ನನ್ನ ಕೈಯಲ್ಲಿದ್ದ ಕೈವಾರ ನೋಡಿದಳು.

"ಈಗ ಕಂಡ್ತಾ?" ಅಂದಳು.

"ಅಂದ್ರೆ ನಿನಗೆ ಗೊತ್ತಿತ್ತು!"

"ಅವರು ಕೊಟ್ಟ ದಿನವೇ ಗೊತ್ತಾಯ್ತು. ನನ್ನ ಮೂಗು ನನಗೆ ಗೊತ್ತಾಗಲ್ವಾ?"

"ನನ್ನ ಮನೆ ಅನ್ನ ಉಂಡ್ಕೊಂಡು, ನನ್ನ ಹೆಂಡ್ತಿ ಮುಖ ನೋಡ್ಕೊಂಡು ಕೂತಿದ್ನಾ ಅವನು? ಗಾಳಿ ಬರತ್ತೆ ಅಂತ ಬಾಗಿಲಿಗೆ ಎದುರು! ನೀನು ಅದನ್ನ ದೇವರ ಗೂಡಿನ ಮೇಲೆ ಇಟ್ಟು ನಿನ್ನ ಮೂಗಿಗೆ ನೀನೇ ಕುಂಕುಮ ಹಚ್ಕೊಂಡು..."

"ಮೂಗಿಗೆ ಯಾರ್ರೀ ಕುಂಕುಮ ಹಚ್ತಾರೆ? ಹಣೆಗೆ ಹಚ್ತಿದ್ದೆ. ಹಣೆ ಲಕ್ಷ್ಮೀದೇ." ಅವಳ ದನಿ ಏರಲಿಲ್ಲ. "ಅವರು ಮತ್ತೊಂದು ದೃಷ್ಟೀಲಿ ನೋಡಿದ್ರೆ ನನಗೆ ತಿಳೀತಿರ್ಲಿಲ್ವಾ? ಒಲೆಗೇ ಹಾಕಿರ್ತಿದ್ದೆ. ಅವರಿಗೆ ಒಂದು ಮೂಗು ಬೇಕಿತ್ತು, ಎದುರಿಗಿದ್ದದ್ದು ಬರೆದ್ರು. ನೀವೇ ಹೇಳ್ತೀರಲ್ಲ, ಇದ್ದದ್ದು ಇದ್ದ ಹಾಗೆ ಅಂತ."

ನಾನು ಕೈವಾರವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡೆ.

"ನೀವು ಆ ಚುಕ್ಕೆ ಮಸಿ ಅಂತ ಊರಿಗೆಲ್ಲಾ ತೋರಿಸ್ತಿದ್ರಿ" ಅಂದಳು. "ಒಂದು ದಿನವಾದ್ರೂ ತಿರುಗಿ ನನ್ನ ಮುಖ ನೋಡ್ತೀರೇನೋ ಅಂತ ನೋಡ್ತಾ ಇದ್ದೆ. ಕಲ್ಲಿನ ಮುರಿದ ಮೂಗನ್ನ ದಿನವೆಲ್ಲಾ ಕೂತು ನೋಡಿದ್ರಂತೆ. ಯಾರೋ ಒಬ್ರಾದ್ರೂ ನನ್ನ ನೋಡಿದ್ರಲ್ಲ ಅಂತ ಅದನ್ನ ಇಟ್ಕೊಂಡೆ."

ಇಷ್ಟು ಹೇಳಿ ತಿರುಪು ತಾನೇ ಹೇಗೋ ಕೂರಿಸಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಗ್ಗರಣೆಯ ಸದ್ದು ಕೇಳಿಸಿತು. ನಾನು ಅಂಗಳದಲ್ಲಿ ಚಿತ್ರ ಹಿಡಿದುಕೊಂಡು ನಿಂತೇ ಇದ್ದೆ. ಪುಟ್ಟರಾಜು ನನಗಿಂತ ಚೆನ್ನಾಗಿ ಬರೆಯುತ್ತಾನೆ ಅನ್ನುವುದು ನನಗೆ ಮೊದಲಿನಿಂದಲೂ ಗೊತ್ತು. ಹೊರಗೆ ಒಪ್ಪದಿದ್ದರೂ ಒಳಗೆ ಗೊತ್ತು. ನನಗಿಂತ ಚೆನ್ನಾಗಿ ನೋಡುತ್ತಾನೆ, ಅದೂ ನನ್ನ ಮನೆಯಲ್ಲೇ, ಅನ್ನುವುದನ್ನು ಮಾತ್ರ ತಡೆಯಲಾಗಲಿಲ್ಲ. ಚಿತ್ರವನ್ನು ಒಡೆದು ಹಾಕೋಣ ಅನ್ನಿಸಿತು. ಅದರಲ್ಲಿ ಇದ್ದದ್ದು ಅವಳ ಮೂಗು. ತೆಗೆದುಕೊಂಡು ಹೋಗಿ ಇದ್ದ ಜಾಗದಲ್ಲೇ ತೂಗುಹಾಕಿದೆ.

ಹಬ್ಬ ಮುಗಿದ ಮಾರನೇ ದಿನ ಹಲಗೆಯನ್ನು ಜಗಲಿಯಿಂದ ಅಂಗಳಕ್ಕೆ ತಂದು, "ಗೌರಾ, ಇಲ್ಲಿ ಬಂದು ಕೂತ್ಕೋ" ಅಂದೆ.

"ಯಾಕೆ?"

"ಬರೀತೀನಿ."

"ನನ್ನನ್ನಾ? ನಿಮಗೇನಾಗಿದೆ? ಕೆಲಸ ಬಿದ್ದಿದೆ ರಾಶಿ" ಅಂದಳು. ಆದರೆ ಒಳಗೆ ಹೋಗಿ, ಮುಖ ತೊಳೆದು, ತಲೆ ಬಾಚಿಕೊಂಡು ಬಂದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಸೆರಗು ಸರಿಮಾಡಿಕೊಂಡಳು. ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡಳು. ಉಸಿರು ಹಿಡಿದೆ, ನಾಲಿಗೆ ಕಚ್ಚಿದೆ, ಬರೆದೆ, ಅಳಿಸಿದೆ. ಬಿಸಿಲು ಅಂಗಳ ದಾಟಿ ಗೋಡೆ ಹತ್ತುವವರೆಗೆ ಅವಳು ಅಲುಗಲಿಲ್ಲ. ಮುಗಿದ ಮೇಲೆ ಹಲಗೆಯನ್ನು ಅವಳ ಕಡೆ ತಿರುಗಿಸಿ, ಅವಳು ಏನು ಹೇಳುತ್ತಾಳೋ ಎಂದು ಕಾಯುತ್ತ ನಿಂತೆ.

ಗೌರಮ್ಮ ಎದ್ದು ಬಂದು ಹಲಗೆಯ ಮೇಲೆ ಬಗ್ಗಿ ನೋಡಿದಳು. ಗೋಡೆಯ ಕಡೆ ಹೋಗಲಿಲ್ಲ, ಕಾಗದ ಕೇಳಲಿಲ್ಲ. ಮತ್ತೆ ಅದೇ ಕಲ್ಲಿನ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, ಮುಖವನ್ನು ಬೆಳಕಿನ ಕಡೆ ತಿರುಗಿಸಿದಳು.

"ಮೂಗು ಇನ್ನೂ ಬಂದಿಲ್ಲ. ಇನ್ನೊಂದು ಸಲ ಸರಿಯಾಗಿ ನೋಡಿ" ಅಂದಳು.